ಸೆಕೆಂಡ್ ಹ್ಯಾಂಡ್ ಕಾಯ್ಲೋವರ್ ಹಾಕಿದ ಮೇಲೆ ಸದ್ದು, ಕುಲುಕಾಟ: ದೋಷ ಎಲ್ಲಿದೆ ಎಂದು ಹುಡುಕುವ ಬಗೆ

ಯಾರೋ ಬಳಸಿದ ಕಾಯ್ಲೋವರ್ (ಕಾರಿನ ಎತ್ತರ ಹೊಂದಿಸಬಹುದಾದ ಸ್ಪ್ರಿಂಗ್ ಮತ್ತು ಶಾಕಪ್) ಸೆಟ್ ತಂದು ಹಾಕಿಸಿ, ಮೊದಲ ಹಂಪ್ ದಾಟುತ್ತಿದ್ದಂತೆ ಮುಂದಿನಿಂದ ಟಕ್ ಟಕ್ ಅಂತ ಸದ್ದು ಬಂದರೆ ಗ್ಯಾರೇಜಿನಲ್ಲಿ ಮೊದಲು ಕೇಳಿಬರುವ ಮಾತು ಒಂದೇ: “ಶಾಕಪ್ ಹೋಗಿದೆ ಸರ್, ಬೇರೆ ಹಾಕ್ಬೇಕು.” ಈ ತೀರ್ಪು ಬಹುಪಾಲು ಸಲ ತಪ್ಪಾಗಿರುತ್ತದೆ. ಸದ್ದು ಮಾಡುವುದು ಸಾಮಾನ್ಯವಾಗಿ ಡ್ಯಾಂಪರಿನ, ಅಂದರೆ ಶಾಕಪ್ಪಿನ, ಸುತ್ತಲಿರುವ ನಟ್ಟು, ಬುಷ್ಷು, ಲಿಂಕ್ ರಾಡು, ಬೇರಿಂಗು. ನಿಜವಾಗಿ ಸತ್ತ ಡ್ಯಾಂಪರ್ ಹೆಚ್ಚಾಗಿ ಬಾಯಿ ಬಿಡುವುದಿಲ್ಲ. ಅದು ಟೈರಿನ ಸವೆತದಲ್ಲಿ, ಹೈವೇಯ ತೇಲಾಟದಲ್ಲಿ, ಬ್ರೇಕ್ ಹಾಕಿದಾಗಿನ ಕುಪ್ಪಳಿಕೆಯಲ್ಲಿ ಗೊತ್ತಾಗುತ್ತದೆ. ಆದ್ದರಿಂದ ಸದ್ದಿನ ಹುಡುಕಾಟ ಬೇರೆ, ಡ್ಯಾಂಪರಿನ ಪರೀಕ್ಷೆ ಬೇರೆ. ಎರಡನ್ನೂ ಕಲಸಿಕೊಂಡರೆ ಒಳ್ಳೆಯ ಸೆಟ್ ಗುಜರಿಗೆ ಹೋಗುತ್ತದೆ, ಕೆಟ್ಟದ್ದು ಕಾರಿನಲ್ಲೇ ಉಳಿಯುತ್ತದೆ.

ಉದಾಹರಣೆಗೆ ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐ ಕಾರನ್ನು ಇಟ್ಟುಕೊಳ್ಳೋಣ.  2022ರಲ್ಲಿ ಭಾರತದಲ್ಲಿ ಪೋಲೊ ತಯಾರಿಕೆಯೇ ನಿಂತಿತು. ಹೊಸದು ಸಿಗದ ಕಾರಣಕ್ಕೇ ಇರುವವರು ಅದನ್ನು ಜೋಪಾನ ಮಾಡುತ್ತಾರೆ, ಕಾರು ಮಾರುವವರು ಸಸ್ಪೆನ್ಷನ್ ಬಿಚ್ಚಿ ಬೇರೆಯಾಗಿ ಮಾರುತ್ತಾರೆ. ಇದರ ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗು, ಡ್ಯಾಂಪರು ಕೂಡಿದ ಒಂದೇ ಕಂಬ), ಹಿಂದೆ ಟಾರ್ಷನ್ ಬೀಮ್ (ಎರಡು ಹಿಂಚಕ್ರಗಳನ್ನು ಜೋಡಿಸುವ ತೊಲೆ). ಅಂದರೆ ಮುಂದೆ ಮಾತ್ರ ಸ್ಪ್ರಿಂಗು ಡ್ಯಾಂಪರಿನ ಮೈಮೇಲೆ ಕೂತಿರುತ್ತದೆ. ಹಿಂದೆ ಸ್ಪ್ರಿಂಗ್ ಬೇರೆ, ಡ್ಯಾಂಪರ್ ಬೇರೆ; ಎತ್ತರ ಬದಲಿಸಲು ಸ್ಪ್ರಿಂಗಿನ ಬುಡದಲ್ಲೋ ತಲೆಯಲ್ಲೋ ಥ್ರೆಡ್ ಇರುವ ಅಡ್ಜಸ್ಟರ್. ಈ ವ್ಯತ್ಯಾಸ ಆಮೇಲೆ ಕೆಲಸಕ್ಕೆ ಬರುತ್ತದೆ.

ಹಾಕುವ ಮೊದಲು, ಸೆಟ್ ಕೈಯಲ್ಲಿರುವಾಗ

ಮೊದಲು ಡ್ಯಾಂಪರಿನೊಳಗೆ ಹೋಗಿ ಬರುವ ರಾಡ್ ನೋಡಿ. ಬಂಪ್ ಸ್ಟಾಪ್ (ಡ್ಯಾಂಪರ್ ಪೂರ್ತಿ ಕುಗ್ಗದಂತೆ ತಡೆಯುವ ಮೆತ್ತನೆಯ ತುಂಡು) ಮೇಲಕ್ಕೆ ಸರಿಸಿ, ಕ್ರೋಮ್ ಮೇಲೆ ಉಗುರು ಎಳೆಯಿರಿ. ಉಗುರಿಗೆ ತಗಲುವ ಗುಳಿ ಇದ್ದರೆ ಅದು ಆಯಿಲ್ ಸೀಲನ್ನು ಪ್ರತಿ ಹೊಡೆತಕ್ಕೂ ಕೊಯ್ಯುತ್ತದೆ. ರಾಡಿನ ಮೇಲ್ಭಾಗದಲ್ಲಿ ಪ್ಲೈಯರಿನ ಹಲ್ಲಿನ ಗುರುತು ಕಂಡರೆ, ಹಿಂದೆ ಯಾರೋ ಟಾಪ್ ನಟ್ ಬಿಚ್ಚಲು ಅಲೆನ್ ಕೀ ಬದಲು ರಾಡನ್ನೇ ಕಚ್ಚಿ ಹಿಡಿದಿದ್ದಾರೆ ಅಂತ ಅರ್ಥ. ಆ ಗುರುತು ಕಾರು ಓಡುವಾಗ ಸೀಲ್ ಓಡಾಡುವ ಜಾಗದಲ್ಲಿದ್ದರೆ ಆ ಡ್ಯಾಂಪರ್ ಬೇಡ. ತೀರಾ ಮೇಲಿದ್ದು, ಸೀಲ್ ಅಲ್ಲಿಗೆ ಎಂದೂ ತಲುಪುವುದಿಲ್ಲ ಎಂದಾದರೆ ಪರವಾಗಿಲ್ಲ.

ಮೈಯೆಲ್ಲ ಎಣ್ಣೆ ಜಿಡ್ಡು ಇದ್ದರೆ ಆತುರಪಡಬೇಡಿ. ಒರೆಸಿ, ಸೀಲಿನ ಸುತ್ತ ಸ್ವಲ್ಪ ಟಾಲ್ಕಂ ಪೌಡರ್ ಉದುರಿಸಿ, ರಾಡನ್ನು ಹತ್ತಾರು ಸಲ ಒತ್ತಿ ಬಿಡಿ. ಪೌಡರ್ ತುಸು ಮಂಕಾದರೆ ಅದು ಸೀಲಿನ ಸಹಜ ತೇವ. ಒದ್ದೆಯಾಗಿ ಉಂಡೆ ಕಟ್ಟಿದರೆ ಸೋರಿಕೆ.

ಒತ್ತಿ ನೋಡುವ ಪರೀಕ್ಷೆಯಲ್ಲೇ ಹೆಚ್ಚು ಜನ ಮೋಸ ಹೋಗುವುದು. ಕಾಯ್ಲೋವರುಗಳಲ್ಲಿ ಎರಡು ಜಾತಿ. ಬಿಲ್ಸ್‌ಟೀನ್ ಕಂಪನಿಯ ಬಿ14, ಬಿ16, ಬಿಸಿ ರೇಸಿಂಗ್ ಕಂಪನಿಯ ಬಿಆರ್ ಮೊದಲಾದವು ಮೊನೊಟ್ಯೂಬ್ (ಒಂದೇ ಕೊಳವೆ): ಒಳಗೆ ಹೆಚ್ಚಿನ ಒತ್ತಡದ ಗ್ಯಾಸ್ ಇರುತ್ತದೆ, ಒತ್ತಿ ಬಿಟ್ಟರೆ ರಾಡ್ ತಾನಾಗಿ ಪೂರ್ತಿ ಹೊರಗೆ ಬರಬೇಕು. ಬರದೆ ಅಲ್ಲೇ ಕೂತರೆ ಗ್ಯಾಸ್ ಹೋಗಿದೆ. ಕೆಡಬ್ಲ್ಯೂ ಕಂಪನಿಯ ವಿ1, ವಿ2, ವಿ3 ಟ್ವಿನ್‌ಟ್ಯೂಬ್ (ಕೊಳವೆಯೊಳಗೆ ಕೊಳವೆ). ಇವುಗಳಲ್ಲಿ ಗ್ಯಾಸಿನ ಒತ್ತಡ ಕಡಿಮೆ, ರಾಡ್ ನಿಧಾನವಾಗಿ ಬರುತ್ತದೆ. ಪಾರ್ಸೆಲ್ಲಿನಲ್ಲಿ ಅಡ್ಡ ಮಲಗಿ ಬಂದ ಟ್ವಿನ್‌ಟ್ಯೂಬಿನಲ್ಲಿ ಗ್ಯಾಸ್ ಒಳಗಿನ ಕೊಳವೆಗೆ ನುಸುಳಿ, ಒತ್ತಿದಾಗ ಮಧ್ಯದಲ್ಲಿ ಒಂದಷ್ಟು ದೂರ ಏನೂ ಹಿಡಿತವೇ ಇರುವುದಿಲ್ಲ. ಡಬ್ಬ ಬಿಚ್ಚಿದ ಕೂಡಲೇ ಒತ್ತಿ ನೋಡಿ “ಡೆಡ್ ಆಗಿದೆ” ಅಂದುಬಿಡುತ್ತಾರೆ. ಕಾರಿನಲ್ಲಿ ಇರುವ ಹಾಗೆ ನೆಟ್ಟಗೆ ನಿಲ್ಲಿಸಿ, ಪೂರ್ತಿ ಉದ್ದಕ್ಕೆ ಐದಾರು ಸಲ ಒತ್ತಿ ಎಳೆಯಿರಿ. ಗ್ಯಾಸ್ ತನ್ನ ಜಾಗಕ್ಕೆ ಹೋಗಿ ಹಿಡಿತ ಮರಳಿದರೆ ಅದು ಚೆನ್ನಾಗಿದೆ. ಅಷ್ಟಾದ ಮೇಲೂ ದಿಕ್ಕು ಬದಲಿಸುವಾಗ ಪೊಳ್ಳು ಉಳಿದರೆ ಆಗ ಮಾತ್ರ ವಾಲ್ವೋ ಎಣ್ಣೆಯೋ ಹೋಗಿದೆ ಅನ್ನಿ.

ಡ್ಯಾಂಪರಿನ ಹಿಡಿತ ಬದಲಿಸುವ ನಾಬ್ ಇದ್ದರೆ ಹಾರ್ಡ್ ಕಡೆಗೆ ಮೆಲ್ಲಗೆ, ಬೆರಳ ಬಲದಲ್ಲೇ ಕೊನೆಯವರೆಗೆ ತಿರುಗಿಸಿ, ಅಲ್ಲಿಂದ ಹಿಂದಕ್ಕೆ ಕ್ಲಿಕ್ ಎಣಿಸಿ. ಸಾಫ್ಟ್ ಕಡೆಯಿಂದ ಎಣಿಸಿದ್ದು ನಂಬಿಕೆಗೆ ಬರುವುದಿಲ್ಲ, ಆ ತುದಿ ಅಷ್ಟು ಖಚಿತ ಇರುವುದಿಲ್ಲ. ಬಿಸಿ ಬಿಆರ್‌ನಲ್ಲಿ 30 ಕ್ಲಿಕ್, ಬಿ16ರಲ್ಲಿ 10 ಹಂತ. ಎಡ ಬಲ ಒಂದೇ ಸಂಖ್ಯೆ ಬರಬೇಕು. ಜೊತೆಗೆ ಪೂರ್ತಿ ಸಾಫ್ಟ್ ಮತ್ತು ಪೂರ್ತಿ ಹಾರ್ಡ್ ಎರಡರಲ್ಲೂ ರಾಡ್ ಎಳೆದಾಗ ಕೈಗೆ ವ್ಯತ್ಯಾಸ ತಿಳಿಯಬೇಕು. ವ್ಯತ್ಯಾಸವೇ ಇಲ್ಲ ಎಂದರೆ ಒಳಗಿನ ನೀಡಲ್ ಜಾಮ್ ಆಗಿದೆ. ನಾಬ್ ಯಾವುದನ್ನು ಬದಲಿಸುತ್ತದೆ ಎಂಬುದೂ ಗೊತ್ತಿರಲಿ. ವಿ2ರಲ್ಲಿ ಅದು ಸ್ಪ್ರಿಂಗ್ ಹಿಗ್ಗುವಾಗಿನ ಹಿಡಿತ, ಅಂದರೆ ರಿಬೌಂಡ್ ಮಾತ್ರ. ವಿ3ರಲ್ಲಿ ರಿಬೌಂಡಿಗೂ ಕಂಪ್ರೆಷನ್ನಿಗೂ (ಕುಗ್ಗುವಾಗಿನ ಹಿಡಿತಕ್ಕೂ) ಬೇರೆ ಬೇರೆ. ಬಿ16, ಬಿಆರ್‌ಗಳಲ್ಲಿ ಒಂದೇ ನಾಬ್ ಎರಡನ್ನೂ ಕೂಡಿ ಬದಲಿಸುತ್ತದೆ. ವಿ1, ಬಿ14ರಲ್ಲಿ ನಾಬೇ ಇಲ್ಲ, ಹುಡುಕಬೇಡಿ.

ಸ್ಪ್ರಿಂಗಿನ ಮೇಲೆ 62-180-6 ಎಂಬಂಥ ಅಂಕಿ ಇದ್ದರೆ ಅದು ಒಳವ್ಯಾಸ 62 ಮಿಮೀ, ಉದ್ದ 180 ಮಿಮೀ, ಒಂದು ಮಿಮೀ ಕುಗ್ಗಲು 6 ಕೆಜಿ ಎಂದು. ಎಡ ಬಲ ಸ್ಪ್ರಿಂಗುಗಳ ಅಂಕಿ ತಾಳೆಯಾಗಬೇಕು. ಟ್ರ್ಯಾಕ್ ಕಾರಿನಿಂದ ಬಂದ ಸೆಟ್ಟಿನಲ್ಲಿ ಸ್ಪ್ರಿಂಗ್ ಬದಲಾಗಿರುವುದು ತೀರಾ ಸಾಮಾನ್ಯ. ಸ್ಪ್ರಿಂಗ್ ಗಟ್ಟಿ ಮಾಡಿ, ಡ್ಯಾಂಪರಿನ ವಾಲ್ವ್ ಹಳೆಯದೇ ಬಿಟ್ಟಿದ್ದರೆ ಆ ಕಾರು ಯಾವ ಕ್ಲಿಕ್ಕಿನಲ್ಲೂ ನೆಮ್ಮದಿಯಾಗಿ ಓಡುವುದಿಲ್ಲ.

ಸದ್ದು ಯಾವಾಗ ಬರುತ್ತದೆ ಎಂಬುದೇ ಸುಳಿವು

ಸದ್ದು ಎಲ್ಲಿಂದ ಬರುತ್ತದೆ ಎಂದು ಕಿವಿ ಕೊಟ್ಟು ಹುಡುಕಿದರೆ ದಾರಿ ತಪ್ಪುವುದೇ ಹೆಚ್ಚು, ಯಾಕೆಂದರೆ ಬಾಡಿ ಶೀಟು ಸದ್ದನ್ನು ಎಲ್ಲೆಲ್ಲಿಗೋ ಒಯ್ಯುತ್ತದೆ. ಯಾವ ಕೆಲಸ ಮಾಡಿದಾಗ ಬರುತ್ತದೆ ಎಂದು ಬರೆದಿಟ್ಟುಕೊಳ್ಳಿ.

ನಿಂತಲ್ಲೇ ಅಥವಾ ಪಾರ್ಕಿಂಗಿನಲ್ಲಿ ಸ್ಟೀರಿಂಗ್ ತಿರುಗಿಸುವಾಗ ಟಂಯ್ ಅಂತ ತಂತಿ ಮೀಟಿದ ಸದ್ದು ಬಂದರೆ ಸ್ಪ್ರಿಂಗ್ ತಿರುಚಿಕೊಂಡು ಬಿಡುತ್ತಿದೆ. ಸ್ಟ್ರಟ್ ಸ್ಟೀರಿಂಗಿನ ಜೊತೆ ತಿರುಗಬೇಕು, ಅದಕ್ಕೆ ಟಾಪ್ ಮೌಂಟಿನಲ್ಲಿ (ಸ್ಟ್ರಟ್ಟಿನ ತಲೆಯನ್ನು ಬಾಡಿಗೆ ಸೇರಿಸುವ ಭಾಗದಲ್ಲಿ) ಬೇರಿಂಗ್ ಇದೆ. ಬೇರಿಂಗ್ ಸತ್ತಿರಬಹುದು, ತಲೆಕೆಳಗಾಗಿ ಕೂತಿರಬಹುದು, ಅಥವಾ ವಾಷರುಗಳ ಕ್ರಮ ತಪ್ಪಿ ಬೇರಿಂಗಿನ ಮೇಲೆ ಭಾರವೇ ಬೀಳದೆ ಇರಬಹುದು. ಸ್ಪ್ರಿಂಗಿನ ಹೊರಮೈಗೆ ಚಾಕಿನಿಂದ ಒಂದು ಗೆರೆ ಎಳೆದು, ಇನ್ನೊಬ್ಬರಿಂದ ಸ್ಟೀರಿಂಗ್ ತಿರುಗಿಸಿ ನೋಡಿ. ಗೆರೆ ಸರಾಗವಾಗಿ ತಿರುಗದೆ ತಡೆದು ತಡೆದು ಹಾರಿದರೆ ಸಿಕ್ಕಿತು. ಸುರುಳಿಯ ನಡುವೆ ಬೆರಳು ಹಾಕಬೇಡಿ.

ಚಿಕ್ಕ ಚಿಕ್ಕ ಕಿತ್ತ ಡಾಂಬರಿನ ಮೇಲೆ, 20–30 ಕಿಮೀ ವೇಗದಲ್ಲಿ, ಲೊಡಲೊಡ ಅಂತ ನಿಲ್ಲದೆ ಬಂದರೆ ಮೂವರು ಶಂಕಿತರು: ಲಿಂಕ್ ರಾಡ್ (ಓಲಾಟ ತಡೆಯುವ ಬಾರಿಗೆ ಸೇರಿಸುವ ಕಡ್ಡಿ), ಟಾಪ್ ನಟ್, ಪಿಲ್ಲೋಬಾಲ್ ಮೌಂಟ್. ಲಿಂಕ್ ರಾಡನ್ನು ಪಟ್ಟಿಯಿಂದ ತೆಗೆಯುವುದು ಸುಲಭ. ಎರಡೂ ಕಡೆಯ ಲಿಂಕ್ ಬಿಚ್ಚಿ, ಯಾವುದಕ್ಕೂ ತಾಗದಂತೆ ಕಟ್ಟಿ, ಅದೇ ರಸ್ತೆಯಲ್ಲಿ ನಿಧಾನವಾಗಿ ಒಂದು ಸುತ್ತು ಹೋಗಿ ಬನ್ನಿ. ಸದ್ದು ನಿಂತರೆ ಲಿಂಕ್ ಹಳತಾಗಿದೆ, ಅಥವಾ ಕಾರು ತಗ್ಗಿದ ಮೇಲೆ ಅದರ ಉದ್ದ ಹೆಚ್ಚಾಗಿ ಬಾಲ್ ಜಾಯಿಂಟ್ ಕೊನೆ ಮುಟ್ಟುತ್ತಿದೆ. ಉದ್ದ ಹೊಂದಿಸಬಹುದಾದ ಗಿಡ್ಡ ಲಿಂಕ್ ಹಾಕಬೇಕು. ಒಂದೇ ಕಡೆ ಬಿಚ್ಚಿದರೆ ಈ ಪರೀಕ್ಷೆಯನ್ನು ನಂಬುವ ಹಾಗಿಲ್ಲ.

ಟಾಪ್ ನಟ್ಟಿನ ಕಥೆ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಸೆಕೆಂಡ್ ಹ್ಯಾಂಡ್ ಸೆಟ್ಟಿನ ಸದ್ದಿಗೆ ಇದಕ್ಕಿಂತ ದೊಡ್ಡ ಕಾರಣ ನಾನು ಕಂಡಿಲ್ಲ. ರಾಡಿನ ತಲೆಯಲ್ಲಿ ವ್ಯಾಸ ಸಣ್ಣದಾಗುವ ಒಂದು ಮೆಟ್ಟಿಲು ಇರುತ್ತದೆ. ಅದರ ಮೇಲೆ ವಾಷರ್, ಸ್ಲೀವ್, ಮೌಂಟು ಒಂದರ ಮೇಲೊಂದು ಕೂತು, ಮೇಲಿನಿಂದ ನಟ್ ಅಷ್ಟನ್ನೂ ಬಿಗಿಯಬೇಕು. ಸೆಟ್ ಬಿಚ್ಚಿ ಮಾರುವಾಗ ಒಂದು ಚಿಕ್ಕ ಸ್ಲೀವ್ ಹಳೆಯ ಕಾರಿನಲ್ಲೇ ಉಳಿದುಬಿಡುತ್ತದೆ. ಆಗ ನಟ್ ಥ್ರೆಡ್ಡಿನ ಕೊನೆಗೆ ಬಂದು ನಿಲ್ಲುತ್ತದೆ, ಟಾರ್ಕ್ ರೆಂಚ್ ಕ್ಲಿಕ್ ಅನ್ನುತ್ತದೆ, ಕೈಗೆ ಪೂರ್ತಿ ಬಿಗಿ ಅನ್ನಿಸುತ್ತದೆ, ಆದರೆ ಮೌಂಟಿನೊಳಗೆ ರಾಡಿಗೆ ಅರ್ಧ ಮಿಲಿಮೀಟರ್ ಜಾಗ ಉಳಿದಿರುತ್ತದೆ. ಪ್ರತಿ ಗುಂಡಿಗೂ ಟಕ್ ಅನ್ನಲು ಅಷ್ಟೇ ಸಾಕು. ಬಾನೆಟ್ ತೆಗೆದು ನಟ್ಟಿನ ಮೇಲೆ ಅಂಗೈ ಇಟ್ಟು, ಇನ್ನೊಬ್ಬರು ಕಾರಿನ ಮೂಲೆಯನ್ನು ಅಲ್ಲಾಡಿಸಿದರೆ ಆ ಟಕ್ ಕೈಗೆ ಬಡಿಯುತ್ತದೆ. ಬಿಚ್ಚಿ ನೋಡಿದರೆ ಇನ್ನೂ ಸ್ಪಷ್ಟ: ಮೆಟ್ಟಿಲಿನ ಸುತ್ತ ಬೆಳ್ಳಿಯಂತೆ ಹೊಳೆಯುವ ಉಂಗುರ, ವಾಷರಿನ ಒಳ ಅಂಚಿನಲ್ಲಿ ಕಪ್ಪು ಲೋಹದ ಪುಡಿ. ಸರಿಯಾಗಿ ಬಿಗಿದ ಜೋಡಣೆಯಲ್ಲಿ ಈ ಹೊಳಪು ಹುಟ್ಟುವುದಿಲ್ಲ. ಔಷಧಿ ಎಂದರೆ ಸರಿಯಾದ ಅಳತೆಯ ಸ್ಲೀವ್ ಮಾತ್ರ. ಲೇತಿನಲ್ಲಿ ಉಕ್ಕಿನಿಂದ ಮಾಡಿಸಬಹುದು, ಸಿಕ್ಕ ವಾಷರುಗಳನ್ನು ತುರುಕುವುದು ಬೇಡ. ಈ ನಟ್ಟಿಗೆ ಇಂಪ್ಯಾಕ್ಟ್ ಗನ್ ಇಡಲು ಬಿಡಬೇಡಿ. ರಾಡ್ ಒಳಗೆ ಗಿರಗಿರ ತಿರುಗಿ ಸೀಲು, ಪಿಸ್ಟನ್ನಿಗೆ ಪೆಟ್ಟಾಗುತ್ತದೆ.

ಪಿಲ್ಲೋಬಾಲ್ ಮೌಂಟ್ ರಬ್ಬರಿಲ್ಲದ ಲೋಹದ ಗುಂಡು. ನಮ್ಮ ಧೂಳು, ಮಳೆಗೆ ಅದು ಸವೆಯುವ ಭಾಗ ಅಂತಲೇ ತಿಳಿಯಿರಿ. ಸವೆದರೆ ಗುಂಡಷ್ಟೇ ಬದಲಿಸಿ; ಡ್ಯಾಂಪರಿಗೆ ಸಂಬಂಧವಿಲ್ಲ.

ಹಂಪಿನಿಂದ ಇಳಿಯುವಾಗ, ಚಕ್ರ ಕೆಳಗೆ ಜೋತುಬೀಳುವ ಕ್ಷಣಕ್ಕೆ ಟಣ್ ಅಂದರೆ ಸ್ಪ್ರಿಂಗ್ ಸಡಿಲವಾಗಿದೆ. ಜ್ಯಾಕ್ ಹಾಕಿ ಎತ್ತಿ, ಸ್ಟ್ಯಾಂಡ್ ಕೊಟ್ಟು, ಜೋತುಬಿದ್ದ ಚಕ್ರದ ಸ್ಪ್ರಿಂಗನ್ನು ಕೈಯಲ್ಲಿ ಅಲ್ಲಾಡಿಸಿ. ಲಟಲಟ ಅಂದರೆ ಪರ್ಚ್ ರಿಂಗ್ (ಸ್ಪ್ರಿಂಗ್ ಕೂರುವ, ಥ್ರೆಡ್ ಮೇಲೆ ತಿರುಗುವ ರಿಂಗ್) ತೀರಾ ಕೆಳಗಿದೆ. ಸ್ಪ್ರಿಂಗಿನ ಜೊತೆ ಇರಬೇಕಾದ ತೆಳು ಹೆಲ್ಪರ್ ಸ್ಪ್ರಿಂಗ್ ಮಾರಾಟದಲ್ಲಿ ಕಳೆದುಹೋಗಿರಲೂಬಹುದು. ಪೋಲೊದ ಹಿಂಬದಿಯಲ್ಲಿ ಇದು ಬರೀ ಸದ್ದಿನ ಮಾತಲ್ಲ. ಅಲ್ಲಿ ಸ್ಪ್ರಿಂಗನ್ನು ಡ್ಯಾಂಪರ್ ಹಿಡಿದಿಟ್ಟಿಲ್ಲ, ಆದ್ದರಿಂದ ಗಿಡ್ಡ ಸ್ಪ್ರಿಂಗಿಗೆ ಉದ್ದದ ಹಳೆಯ ಡ್ಯಾಂಪರ್ ಉಳಿಸಿದ್ದರೆ ಚಕ್ರ ಜೋತುಬಿದ್ದಾಗ ಸ್ಪ್ರಿಂಗ್ ತನ್ನ ಕೂಡುವ ಜಾಗದಿಂದ ಸರಿಯಬಹುದು. ಹಾಗೆ ಕಂಡರೆ ಕಾರನ್ನು ರಸ್ತೆಗೆ ತೆಗೆಯಲೇಬಾರದು.

ಬ್ರೇಕ್ ಒತ್ತಿದಾಗ ಒಂದೇ ಒಂದು ಧಡ್, ಬಿಟ್ಟಾಗ ಇನ್ನೊಂದು ಧಡ್ ಬಂದರೆ ಕಾಯ್ಲೋವರ್ ಬಿಟ್ಟು ಲೋವರ್ ಆರ್ಮ್ (ಚಕ್ರವನ್ನು ಕೆಳಗಿನಿಂದ ಹಿಡಿಯುವ ತೋಳು) ಬುಷ್, ಬಾಲ್ ಜಾಯಿಂಟ್, ಸಬ್‌ಫ್ರೇಮ್ (ಆ ತೋಳು ಕೂಡುವ ಚೌಕಟ್ಟು) ಬೋಲ್ಟ್ ನೋಡಿ. ಕೆಲಸದ ವೇಳೆ ಬಿಚ್ಚಿದ್ದರೆ ಇನ್ನೂ ಅನುಮಾನ. ಈ ಕಾರುಗಳಲ್ಲಿ ಹಲವು ಬೋಲ್ಟುಗಳನ್ನು ಟಾರ್ಕ್ ಕೊಟ್ಟ ಮೇಲೆ ಇಷ್ಟು ಡಿಗ್ರಿ ತಿರುಗಿಸು ಎಂದು ಬಿಗಿಯುತ್ತಾರೆ. ಅವು ಒಂದೇ ಬಳಕೆಗೆ ಎಳೆದುಕೊಳ್ಳುವ ಬೋಲ್ಟುಗಳು, ಹೊಸದೇ ಹಾಕಬೇಕು.

ಕಿರ್ರ್ ಕಿರ್ರ್ ಎಂಬ ರಬ್ಬರ್ ಸದ್ದಿಗೆ ಒಂದು ಖಾಸಾ ಕಾರಣವಿದೆ. ಚಕ್ರ ಗಾಳಿಯಲ್ಲಿ ಜೋತಾಡುತ್ತಿರುವಾಗಲೇ ಬುಷ್ ಬೋಲ್ಟ್ ಬಿಗಿದರೆ, ಕಾರು ಇಳಿಸಿದ ಕೂಡಲೇ ರಬ್ಬರ್ ಒದ್ದೆ ಬಟ್ಟೆ ಹಿಂಡಿದಂತೆ ತಿರುಚಿಕೊಂಡು ಹಾಗೇ ಉಳಿಯುತ್ತದೆ. ಕಾರು ಲೆಕ್ಕಕ್ಕಿಂತ ಎತ್ತರ ನಿಲ್ಲುತ್ತದೆ, ಬುಷ್ ಬೇಗ ಹರಿಯುತ್ತದೆ. ನೆಲದ ಮೇಲೆ ನಿಂತಾಗ ಹಬ್ ನಡುವಿನಿಂದ ಫೆಂಡರ್ ಅಂಚಿಗೆ ಎಷ್ಟು ಅಳತೆ ಇದೆಯೋ, ಹಬ್ ಕೆಳಗೆ ಜ್ಯಾಕ್ ಕೊಟ್ಟು ಅದೇ ಅಳತೆಗೆ ಎತ್ತಿ, ಆಮೇಲೆ ಬಿಗಿಯಿರಿ. ಎತ್ತರ ಬದಲಿಸಿದಾಗಲೆಲ್ಲ ಈ ಬೋಲ್ಟುಗಳನ್ನು ಸಡಿಲಿಸಿ ಮತ್ತೆ ಬಿಗಿಯಬೇಕು; ಒಂದೇ ಬಳಕೆಯವಾದರೆ ಹೊಸದು ಹಾಕಿ.

ಹಂಪ್ ದಾಟುವಾಗ ಶ್‌ಶ್ ಅಂತ ಮೆಲ್ಲಗೆ ಕೇಳಿದರೆ ಅದು ಎಣ್ಣೆ ವಾಲ್ವಿನಲ್ಲಿ ಹರಿಯುವ ಸದ್ದು. ಬಿಟ್ಟುಬಿಡಿ.

ಒರಟು ಸವಾರಿಗೆ ಎಲ್ಲಾ ಸಲ ಡ್ಯಾಂಪರ್ ಕಾರಣವಲ್ಲ

“ಎಷ್ಟೇ ಸಾಫ್ಟ್ ಮಾಡಿದರೂ ಸೊಂಟಕ್ಕೆ ಹೊಡೆಯುತ್ತದೆ” ಎಂಬ ದೂರಿಗೆ ಉತ್ತರ ಒಂದು ಕೇಬಲ್ ಟೈನಲ್ಲಿದೆ. ಸಾಮಾನ್ಯ ಡ್ಯಾಂಪರಿನಲ್ಲಿ ರಾಡಿಗೆ, ಸೀಲಿನ ಪಕ್ಕ, ಚಿಕ್ಕ ಕೇಬಲ್ ಟೈ ಬಿಗಿದು ದಿನನಿತ್ಯದ ದಾರಿಯಲ್ಲಿ ಓಡಿಸಿ. ಡ್ಯಾಂಪರ್ ಎಷ್ಟು ಕುಗ್ಗಿತೋ ಅಲ್ಲಿಯವರೆಗೆ ಟೈ ಮೇಲೆ ಸರಿದು ನಿಂತಿರುತ್ತದೆ. ಅದು ಬಂಪ್ ಸ್ಟಾಪಿನೊಳಗೆ ಹೂತುಹೋಗಿದ್ದರೆ ಪ್ರತಿ ಹಂಪಿಗೂ ನೀವು ಕೂತಿರುವುದು ಬಂಪ್ ಸ್ಟಾಪಿನ ಮೇಲೆ. ಕ್ಲಿಕ್ ಬದಲಿಸಿ ಏನೂ ಆಗದು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಐಆರ್‌ಸಿ 99 ಮಾರ್ಗಸೂಚಿಯ 1988ರ ಆವೃತ್ತಿ ದುಂಡು ಹಂಪಿಗೆ 3.7 ಮೀಟರ್ ಅಗಲ, 10 ಸೆಂಮೀ ಎತ್ತರ ಹೇಳಿತ್ತು. ನಮ್ಮ ಬಡಾವಣೆಗಳ ಹಂಪುಗಳನ್ನು ಕಂಡವರಿಗೆ ಅಷ್ಟು ಅಗಲ ಎಲ್ಲಿದೆ ಎಂಬುದು ಗೊತ್ತೇ ಇದೆ. ಆ ಹಂಪಿಗೆ ತಕ್ಕ ಓಡಾಟದ ಜಾಗ ಡ್ಯಾಂಪರಿನಲ್ಲಿ ಉಳಿದಿರಬೇಕು.

ಜಾಗ ಹೇಗೆ ಕೊಡುವುದು ಎಂಬುದು ಸೆಟ್ಟಿನ ಜಾತಿಯ ಮೇಲೆ ನಿಂತಿದೆ. ಪರ್ಚ್ ರಿಂಗಿನಿಂದಲೇ ಎತ್ತರ ಬದಲಿಸುವ ಸೆಟ್ಟಿನಲ್ಲಿ ರಿಂಗ್ ಮೇಲೇರಿಸಿದರೆ ಕಾರು ಎತ್ತರವಾಗಿ ಕುಗ್ಗುವ ಜಾಗ ಹೆಚ್ಚುತ್ತದೆ, ಜೋತುಬೀಳುವ ಜಾಗ ಕಡಿಮೆಯಾಗುತ್ತದೆ. ಕೆಳಗಿನ ಬ್ರಾಕೆಟ್ ತಿರುಗಿಸಿ ಎತ್ತರ ಬದಲಿಸುವ ಸೆಟ್ಟಿನಲ್ಲಿ ಡ್ಯಾಂಪರಿನ ಓಡಾಟ ಹಾಗೇ ಇರುತ್ತದೆ. ಅಲ್ಲಿ ಪರ್ಚ್ ಬಿಗಿದು ಪ್ರಿಲೋಡ್ (ಸ್ಪ್ರಿಂಗನ್ನು ಮೊದಲೇ ಒತ್ತಿಡುವ ಬಲ) ಹೆಚ್ಚಿಸಿದರೆ “ಸ್ಪ್ರಿಂಗ್ ಗಟ್ಟಿಯಾಯಿತು” ಅನ್ನುವವರು ಇದ್ದಾರೆ. ಏಕರೇಟಿನ, ಅಂದರೆ ಉದ್ದಕ್ಕೂ ಒಂದೇ ಗಟ್ಟಿತನದ, ಸ್ಪ್ರಿಂಗ್ ಪ್ರಿಲೋಡಿನಿಂದ ಗಟ್ಟಿಯಾಗುವುದಿಲ್ಲ, 6 ಕೆಜಿ ಸ್ಪ್ರಿಂಗ್ 6 ಕೆಜಿಯೇ. ಸಡಿಲವಾಗದಷ್ಟು ಪ್ರಿಲೋಡ್ ಕೊಟ್ಟು, ಎತ್ತರವನ್ನು ಬ್ರಾಕೆಟ್ಟಿನಿಂದ ಸರಿಮಾಡಿ.

ತೀರಾ ತಗ್ಗಿಸುವುದರ ವಿರುದ್ಧ ನಾನು ಗಟ್ಟಿಯಾಗಿ ಹೇಳುತ್ತೇನೆ. ಲೋವರ್ ಆರ್ಮಿನ ಹೊರತುದಿ ಒಳತುದಿಗಿಂತ ಮೇಲೆ ಹೋದರೆ ಕಾರಿನ ರೋಲ್ ಸೆಂಟರ್ (ತಿರುವಿನಲ್ಲಿ ಬಾಡಿ ಯಾವ ಬಿಂದುವಿನ ಸುತ್ತ ಓಲುತ್ತದೋ ಅದು) ಅದರ ಭಾರಕೇಂದ್ರಕ್ಕಿಂತ ವೇಗವಾಗಿ ಕೆಳಗಿಳಿಯುತ್ತದೆ, ತಿರುವಿನಲ್ಲಿ ಓಲಾಟಕ್ಕೆ ಬಲ ಹೆಚ್ಚುತ್ತದೆ. ಸ್ಟೀರಿಂಗನ್ನು ಚಕ್ರಕ್ಕೆ ಸೇರಿಸುವ ಟೈ ರಾಡಿನ ಕೋನ ಕೆಟ್ಟು, ಗುಂಡಿಗೆ ಬಿದ್ದಾಗ ಸ್ಟೀರಿಂಗ್ ತಾನಾಗಿ ಎಳೆಯುತ್ತದೆ. ಚಾರ್ಮಾಡಿಯ ತಿರುವುಗಳಲ್ಲಿ ಇಂಥ ಕಾರು ಕಂಪನಿಯ ಸಸ್ಪೆನ್ಷನ್ನಿಗಿಂತ ಹಿಂದೆ ಬೀಳುತ್ತದೆ. ಆರ್ಮ್ ಮಟ್ಟವಾಗಿರುವಲ್ಲಿಗೆ ನಿಲ್ಲಿಸಿ.

ಎಡ ಬಲ ಎತ್ತರ ಅಳೆಯುವಾಗ ನೆಲದಿಂದ ಅಳೆಯಬೇಡಿ, ಟೈರಿನ ಗಾಳಿ ಲೆಕ್ಕ ಕೆಡಿಸುತ್ತದೆ. ಹಬ್ ನಡುವಿನಿಂದ ಫೆಂಡರಿಗೆ ಅಳೆಯಿರಿ. ಎರಡು ಮೂರು ಮಿಲಿಮೀಟರ್ ವ್ಯತ್ಯಾಸದ ಬೆನ್ನು ಹತ್ತಬೇಡಿ.

ಸದ್ದಿಲ್ಲದ ದೋಷ

ಬಾನೆಟ್ ಮೂಲೆ ಒತ್ತಿ ಕುಣಿಸುವ ಪರೀಕ್ಷೆ ಗಟ್ಟಿ ಸ್ಪ್ರಿಂಗಿನ ಕಾರಿನಲ್ಲಿ ಏನನ್ನೂ ಹೇಳುವುದಿಲ್ಲ. ರಸ್ತೆಯಲ್ಲೇ ನೋಡಬೇಕು. ಬೆಂಗಳೂರಿನಲ್ಲಿ ಇದಕ್ಕೆ ಎಲೆಕ್ಟ್ರಾನಿಕ್ ಸಿಟಿಯ ಎಲಿವೇಟೆಡ್ ರಸ್ತೆಯಂಥ ಜಾಗ ಅನುಕೂಲ: ಒಂದಾದ ಮೇಲೊಂದು ಜಾಯಿಂಟ್ ಬರುತ್ತದೆ, ವೇಗ ಮಿತಿಯೊಳಗೆ ಒಂದೇ ಸಮ ಇಟ್ಟರೆ ಸಾಕು. ಒಂದು ಜಾಯಿಂಟ್ ದಾಟಿ ಮುಂದಿನದು ಬರುವಷ್ಟರಲ್ಲಿ ಕಾರು ಕೂತಿರಬೇಕು. ಮತ್ತೂ ಏಳುತ್ತ ಬೀಳುತ್ತ ಇದ್ದರೆ ರಿಬೌಂಡ್ ಎರಡು ಕ್ಲಿಕ್ ಹೆಚ್ಚಿಸಿ. ಎರಡು ತುದಿಗಳ ನಡುವೆ ಎಷ್ಟು ತಿರುಗಿಸಿದರೂ ಬದಲಾವಣೆ ಕಾಣದಿದ್ದರೆ ಆಗ ಡ್ಯಾಂಪರನ್ನು ದೂರಬಹುದು.

ಇದರ ತದ್ವಿರುದ್ಧ ದೋಷ ಇನ್ನೂ ಗೊಂದಲಕ್ಕೆ ಕೆಡವುತ್ತದೆ. ರಿಬೌಂಡ್ ಅತಿಯಾದರೆ ಒಂದು ಗುಂಡಿಯಿಂದ ಸ್ಪ್ರಿಂಗ್ ಹಿಗ್ಗುವ ಮೊದಲೇ ಮುಂದಿನ ಗುಂಡಿ ಬರುತ್ತದೆ. ಕಾರು ಪ್ರತಿ ಹೊಡೆತಕ್ಕೂ ಇಷ್ಟಿಷ್ಟೇ ತಗ್ಗುತ್ತ ಕೊನೆಗೆ ಬಂಪ್ ಸ್ಟಾಪಿಗೆ ಬಂದು ಕೂರುತ್ತದೆ. ಇದನ್ನು ಸ್ಪ್ರಿಂಗ್ ಸೋತಿದೆ ಅಂದುಕೊಂಡು ಇನ್ನೂ ಗಟ್ಟಿ ಸ್ಪ್ರಿಂಗ್ ತರುತ್ತಾರೆ. ಮೊದಲು ರಿಬೌಂಡ್ ಕಡಿಮೆ ಮಾಡಿ ನೋಡಿ.

ಟೈರನ್ನು ಅಂಗೈಯಿಂದ ಎರಡೂ ದಿಕ್ಕಿಗೆ ಸವರಿ. ಸುತ್ತಲೂ ಅಲ್ಲಲ್ಲಿ ಬಟ್ಟಲಿನಂತೆ ತಗ್ಗು ಬಿದ್ದಿದ್ದರೆ ಚಕ್ರ ನೆಲ ಬಿಟ್ಟು ಕುಪ್ಪಳಿಸುತ್ತಿದೆ, ಡ್ಯಾಂಪರ್ ಹಿಡಿಯುತ್ತಿಲ್ಲ. ಇದರ ಗುಂಯ್‌ ಸದ್ದಿಗೆ ವೀಲ್ ಬೇರಿಂಗ್ ಬದಲಿಸಿ ದುಡ್ಡು ಕಳೆದವರಿದ್ದಾರೆ. ಒಳ ಅಂಚು ಮಾತ್ರ ಗರಿಗರಿಯಾಗಿ ಸವೆದಿದ್ದರೆ ಅದು ಟೋ (ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ತಪ್ಪಿರುವುದು. ಎತ್ತರ ಬದಲಾದರೆ ಟೋ ಬದಲಾಗುತ್ತದೆ. ಸ್ಪ್ರಿಂಗ್ ಕೂರಲು ಸ್ವಲ್ಪ ಓಡಿಸಿ, ಎತ್ತರ ಇನ್ನೊಮ್ಮೆ ಅಳೆದು, ಆಮೇಲೆಯೇ ಅಲೈನ್‌ಮೆಂಟಿಗೆ ಹೋಗಿ.

ಡ್ಯಾಂಪರ್ ಹೋಗಿದ್ದು ಖಚಿತವಾದರೆ ಜೋಡಿಯಾಗಿಯೇ ರೀಬಿಲ್ಡ್ ಮಾಡಿಸಿ. ರಾಡಿನ ಓಡಾಟದ ಭಾಗದಲ್ಲಿ ಗುಳಿ ಇದ್ದರೆ ಬರೀ ಸೀಲ್ ಬದಲಿಸುವುದು ದಂಡ. ಮೊನೊಟ್ಯೂಬನ್ನು ಮನೆಯಲ್ಲಿ ಬಿಚ್ಚಲು ಹೋಗಬೇಡಿ, ಒಳಗಿನ ಒತ್ತಡ ಕೈ ಮುರಿಯುವಷ್ಟಿದೆ.

ಜಾಮ್ ಆದ ರಿಂಗು, ಕಾಗದ, ಮರುಪರೀಕ್ಷೆ

ಮಂಗಳೂರು, ಉಡುಪಿ ಕಡೆಯ ಕಾರಿನಿಂದ ಬಂದ ಸೆಟ್ಟಿನಲ್ಲಿ ರಿಂಗ್ ಥ್ರೆಡ್ಡಿಗೆ ಅಂಟಿಕೊಂಡಿರುವುದು ಸಹಜ. ಹಿತ್ತಾಳೆ ಬ್ರಷ್ಷಿನಿಂದ ಥ್ರೆಡ್ ಉಜ್ಜಿ, ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಡಿ. ಸ್ಪ್ರಿಂಗಿನ ಭಾರ ಇಳಿಸದೆ ರಿಂಗ್ ತಿರುಗಿಸಬೇಡಿ, ಥ್ರೆಡ್ ಕಿತ್ತುಬರುತ್ತದೆ. ಉಳಿ ಸುತ್ತಿಗೆಯಂತೂ ಬೇಡವೇ ಬೇಡ. ಕೊಕ್ಕೆ ಸ್ಪ್ಯಾನರ್ ಇದ್ದೇ ಇದೆ. ಆಮೇಲೆ ಗ್ರೀಸ್ ಬಳಿಯುವ ಬದಲು ಒಣ ವ್ಯಾಕ್ಸ್ ಹಾಕಿ, ಗ್ರೀಸಿಗೆ ಮರಳು ಅಂಟುತ್ತದೆ.

ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮು ತಯಾರಕರ ಮೂಲ ವಿವರಕ್ಕೆ ವ್ಯತ್ಯಾಸವಾಗುವಂತೆ ಗಾಡಿ ಬದಲಿಸುವುದನ್ನು ತಡೆಯುತ್ತದೆ. ಬದಲಾವಣೆ ಮಾಡುವ ಮೊದಲೇ ಆರ್‌ಟಿಒ ಮತ್ತು ಇನ್ಶೂರೆನ್ಸ್ ಕಂಪನಿಯನ್ನು ವಿಚಾರಿಸಿ.

ಎಲ್ಲ ಮುಗಿದ ಮೇಲೆ ಪ್ರತಿ ಲಾಕ್ ರಿಂಗಿನಿಂದ ಡ್ಯಾಂಪರಿನ ಮೈಗೆ, ಪ್ರತಿ ಟಾಪ್ ನಟ್ಟಿನಿಂದ ಮೌಂಟಿಗೆ ಪೇಂಟ್ ಪೆನ್ನಿನಿಂದ ಒಂದು ನೇರ ಗೆರೆ ಎಳೆಯಿರಿ. ಬ್ರೇಕ್ ಹೋಸು, ಎಬಿಎಸ್ ವೈರು ಸ್ಟೀರಿಂಗಿನ ಎರಡೂ ಕೊನೆಯಲ್ಲಿ ಸ್ಪ್ರಿಂಗಿಗೋ ಟೈರಿಗೋ ತಾಗುತ್ತಿಲ್ಲ ಎಂದು ಕಣ್ಣಾರೆ ನೋಡಿ. ಬೇರೆ ಮಾಡೆಲ್ಲಿನ ಸೆಟ್ಟಿನಲ್ಲಿ ಹೋಸ್ ಹಿಡಿಯುವ ಬ್ರಾಕೆಟ್ ಇರುವುದೇ ಇಲ್ಲ. ಪೋಲೊದ ವೀಲ್ ಬೋಲ್ಟ್ ಬಿಗಿಯುವ ಟಾರ್ಕ್ 120 ನ್ಯೂಟನ್ ಮೀಟರ್. ನೂರಿನ್ನೂರು ಕಿಮೀ ಓಡಿದ ಮೇಲೆ ಮತ್ತೆ ಜ್ಯಾಕ್ ಹಾಕಿ ಗೆರೆಗಳನ್ನು ನೋಡಿ. ಟಾಪ್ ನಟ್ಟಿನ ಗೆರೆ ಮುರಿದಿದ್ದರೆ ನೈಲಾನ್ ಹಿಡಿತ ಸವೆದ ಹಳೆಯ ನಟ್ ಹಾಕಿದ್ದಾರೆ, ಹೊಸ ಲಾಕ್ ನಟ್ ತನ್ನಿ. ರಿಂಗಿನ ಗೆರೆ ಸರಿದಿದ್ದರೆ ಎರಡು ರಿಂಗುಗಳನ್ನು ಒಂದರ ವಿರುದ್ಧ ಇನ್ನೊಂದು ಬಿಗಿದಿಲ್ಲ. ಎತ್ತರ ಮತ್ತೆ ಅಳೆದು, ಬಿಗಿದು, ಹೊಸ ಗೆರೆ ಎಳೆಯಿರಿ.